ಲೆಕ್ಕ ಕೇಳುವುದು ಅವಿಶ್ವಾಸವಲ್ಲ

ನಮ್ಮ ಹಿರಿಯರು ಕೂಡಿ ದುಡಿಯುವುದನ್ನು ಕುರಿತು ಎರಡು ಗಾದೆಗಳನ್ನು ಬಿಟ್ಟುಹೋಗಿದ್ದಾರೆ. ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ’ ಎಂಬುದು ಒಂದು. ‘ಹತ್ತು ಜನ ಸೇರಿದಲ್ಲಿ ಹಾವು ಸಾಯದು’ ಎಂಬುದು ಇನ್ನೊಂದು. ಮೊದಲನೆಯದು ಕೂಡುವುದರ ಬಲವನ್ನು ಹೊಗಳಿದರೆ, ಎರಡನೆಯದು ಕೂಡುವುದರ ಸೋಮಾರಿತನವನ್ನು ತೆಗಳುತ್ತದೆ. ಎರಡೂ ನಿಜವೇ. ಅದೇ ಹತ್ತು ಜನ ಒಂದು ಕಡೆ ಬೆಟ್ಟವನ್ನೇ ಹೊರುತ್ತಾರೆ, ಇನ್ನೊಂದು ಕಡೆ ಹಾವನ್ನು ನೋಡುತ್ತ ನಿಲ್ಲುತ್ತಾರೆ. ಈ ಅಂತರಕ್ಕೆ ಕಾರಣವೇನು ಎಂಬುದನ್ನು ಸದ್ಭಕ್ತರು ಆಲೋಚಿಸಬೇಕು.

ಮಂಗಳೂರಿನ ಕುದ್ರೋಳಿಯ ಶ್ರೀ ಗೋಕರ್ಣನಾಥೇಶ್ವರ ಕ್ಷೇತ್ರವನ್ನು ಕಾಣದವರೂ ಅದರ ನವರಾತ್ರಿಯ ವೈಭವವನ್ನು ಕೇಳಿದ್ದೀರಿ. ದೇವಾಲಯಗಳ ಬಾಗಿಲು ತಮಗೆ ಮುಚ್ಚಿದ್ದ ಕಾಲದಲ್ಲಿ ಬಿಲ್ಲವ ಸಮಾಜದ ಹಿರಿಯರು ಸಾಹುಕಾರ್ ಕೊರಗಪ್ಪನವರ ಮುಂದಾಳುತನದಲ್ಲಿ ಬ್ರಹ್ಮಶ್ರೀ ನಾರಾಯಣ ಗುರುಗಳನ್ನು ಕೇರಳದಿಂದ ಬರಮಾಡಿಕೊಂಡರು. 1912ರಲ್ಲಿ ಗುರುಗಳು ಇಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು. ಪ್ರತಿಷ್ಠೆ ಮಾಡಿ ಗುರುಗಳು ಮರಳಿದರು. ನಿತ್ಯವೂ ದೀಪ ಹಚ್ಚಿ ಕ್ಷೇತ್ರವನ್ನು ನಡೆಸುವ ಹೊಣೆ ಊರವರದಾಯಿತು. ಆ ದೀಪ ಆರಲಿಲ್ಲ. ಇಂದು ನವರಾತ್ರಿಯಲ್ಲಿ ಶಾರದೆಯ, ನವದುರ್ಗೆಯರ ಮಣ್ಣಿನ ಮೂರ್ತಿಗಳು ಊರ ಬೀದಿಗಳಲ್ಲಿ ಮೆರೆದು, ಮರಳಿ ಕ್ಷೇತ್ರದ ಪುಷ್ಕರಿಣಿಯಲ್ಲಿ ವಿಸರ್ಜನೆಗೊಳ್ಳುತ್ತವೆ. ಆ ಮೆರವಣಿಗೆಯ ಹಿಂದೆ ಮಣ್ಣು ಹದ ಮಾಡುವವನು, ದೀಪದ ತಂತಿ ಎಳೆಯುವವನು, ಅನ್ನ ಬೇಯಿಸುವವನು, ಬೀದಿ ಗುಡಿಸುವವನು ಇದ್ದೇ ಇರುತ್ತಾನೆ. ಇವರಲ್ಲಿ ಒಬ್ಬನು ‘ಇನ್ನೊಬ್ಬ ನೋಡಿಕೊಂಡಾನು’ ಎಂದು ಕೈಬಿಟ್ಟರೆ ಮೆರವಣಿಗೆಯೇ ನಿಲ್ಲುತ್ತದೆ.

ಕುದ್ರೋಳಿಯ ಪಡುವಣಕ್ಕೆ ಫಲ್ಗುಣಿ ನದಿಯನ್ನು ದಾಟಿದರೆ ತಣ್ಣೀರುಬಾವಿಯ ಕಡಲತೀರ. ನಮ್ಮ ಕರಾವಳಿಯುದ್ದಕ್ಕೂ ಒಂದು ಕಾಲದಲ್ಲಿ ರಂಪಣಿ ಬಲೆಯ ಮೀನುಗಾರಿಕೆ ನಡೆಯುತ್ತಿತ್ತು. ಹಲವರ ಬಲೆಯ ತುಂಡುಗಳನ್ನು ಜೋಡಿಸಿದ ದೊಡ್ಡ ಬಲೆಯನ್ನು ದೋಣಿಯಲ್ಲಿ ಒಯ್ದು, ಅರ್ಧಚಂದ್ರದಂತೆ ಕಡಲಿಗೆ ಬಿಟ್ಟು, ಎರಡು ತುದಿಗಳನ್ನೂ ದಡದಲ್ಲಿ ನಿಂತ ಜನ ಒಟ್ಟಾಗಿ ಎಳೆಯಬೇಕು. ಒಂದು ತುದಿಯವರು ಸಡಿಲ ಬಿಟ್ಟರೆ ಮೀನು ಆ ಕಡೆಯಿಂದಲೇ ಪಾರು. ಒಬ್ಬನ ತುಂಡು ಜೀರ್ಣವಾಗಿದ್ದರೆ ಎಲ್ಲರ ಶ್ರಮವೂ ನೀರುಪಾಲು. ಮೀನು ದಡಕ್ಕೆ ಬಂದ ಮೇಲೆ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದ ಕೈಗಳಿಗೆ ಇಷ್ಟು ಎಂದು ಪಾಲಾಗುತ್ತಿತ್ತು. 1970ರ ದಶಕದ ನಡುವಿನಿಂದ ಪರ್ಸೀನ್ ಬಲೆಗಳು ಬಂದವು. ದೊಡ್ಡ ರಂಪಣಿ ಹಿಂದೆ ಸರಿಯಿತು. ಆದರೆ ಅದು ಕಲಿಸಿದ ಪಾಠ ಹಿಂದೆ ಸರಿಯುವಂಥದ್ದಲ್ಲ. ಯಾರ ತುಂಡು ಯಾವುದು, ಯಾರ ಪಾಲು ಎಷ್ಟು ಎಂಬುದು ಎಲ್ಲರಿಗೂ ತಿಳಿದಿದ್ದರೆ ಮಾತ್ರ ನೂರು ಕೈಗಳು ಒಂದು ಹಗ್ಗವನ್ನು ಎಳೆಯುತ್ತವೆ.

ಇಲ್ಲಿ ಒಂದು ತೊಡಕಿದೆ. ಊರ ಸೊಸೈಟಿಯಲ್ಲಿ, ಜಾತ್ರೆಯ ಸಮಿತಿಯಲ್ಲಿ, ಅಣ್ಣತಮ್ಮಂದಿರ ಅಂಗಡಿಯಲ್ಲಿ ಯಾರಾದರೂ ಲೆಕ್ಕ ಕೇಳಿದರೆ ‘ನಮ್ಮವರನ್ನೇ ಲೆಕ್ಕ ಕೇಳುವುದೇ? ನಂಬಿಕೆ ಇಲ್ಲವೇ?’ ಎಂದು ಮುಖ ಸಿಂಡರಿಸುತ್ತಾರೆ. ಕೇಳಿದವನು ಕೆಟ್ಟವನಾಗುತ್ತಾನೆ. ಮುಂದಿನ ಸಲ ಅವನು ಕೇಳುವುದಿಲ್ಲ. ಸುಮ್ಮನೆ ದೂರ ಸರಿಯುತ್ತಾನೆ. ಹಲವು ವರ್ಷಗಳ ಬಳಿಕ ಪುಸ್ತಕ ತೆರೆದಾಗ ಹಣವೂ ಇರುವುದಿಲ್ಲ, ಸ್ನೇಹವೂ ಇರುವುದಿಲ್ಲ. ಎಷ್ಟೋ ಮನೆತನಗಳು ಮುರಿದದ್ದು ದ್ವೇಷದಿಂದಲ್ಲ, ಇಂಥ ದಾಕ್ಷಿಣ್ಯದಿಂದ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳಿದ್ದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮ್ಮ ನಿತ್ಯದ ಅಳತೆಯಲ್ಲವೆಂದು ಗುರುತಿಸಿ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಗಂಡನನ್ನು ಲೆಕ್ಕ ಕೇಳಿದ್ದರಿಂದ ಆ ತಾಯಿಯ ಪ್ರೀತಿ ಕಡಿಮೆಯಾಯಿತೇ? ಇಲ್ಲ. ಕೇಳದೆ ಒಳಗೆ ಶಂಕೆ ಇಟ್ಟುಕೊಂಡಿದ್ದರೆ ಕಡಿಮೆಯಾಗುತ್ತಿತ್ತು. ಮಾರಯ್ಯನೂ ಸಿಟ್ಟಾಗದೆ ಹೋಗಿ ಸುರಿದು ಬಂದನು. ಕೇಳುವವಳ ಧೈರ್ಯದಷ್ಟೇ ಕೇಳಿಸಿಕೊಂಡವನ ವಿನಯವೂ ದೊಡ್ಡದು. ಕಾಯಕವೆಂದರೆ ಬರಿಯ ದುಡಿಮೆಯಲ್ಲ, ಲೆಕ್ಕ ಒಪ್ಪಿಸಬಲ್ಲ ದುಡಿಮೆ.

ಈ ನೀತಿ ಪುರಾಣದಲ್ಲೇ ಉಳಿದದ್ದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಲ್ಲಿ ಬೇಯುತ್ತಿದ್ದ ಒಕ್ಕಲು ಮಕ್ಕಳಿಗೆ ಅದು ನೆರಳಾಯಿತು. ಆ ಕಾಲದ ಹಳ್ಳಿಯ ಸಾಲದ ಸಂಘಗಳು ಸಾಮಾನ್ಯವಾಗಿ ಅಪರಿಮಿತ ಹೊಣೆಯ ಮೇಲೆ ನಿಂತಿದ್ದವು. ಸಂಘದ ಸಾಲ ತೀರದಿದ್ದರೆ ಪ್ರತಿಯೊಬ್ಬ ಸದಸ್ಯನೂ ಅದಕ್ಕೆ ಬಾಧ್ಯ. ಅಂದ ಮೇಲೆ ನೆರೆಯವನು ಸಾಲದ ಹಣದಲ್ಲಿ ಎತ್ತು ಕೊಂಡನೇ, ಮದುವೆ ಮಾಡಿದನೇ ಎಂದು ವಿಚಾರಿಸುವುದು ಅಧಿಕಪ್ರಸಂಗವಲ್ಲ, ಧರ್ಮ. ಒಬ್ಬರ ಭಾರವನ್ನು ಒಬ್ಬರು ಹೊತ್ತವರಿಗೆ ಒಬ್ಬರನ್ನೊಬ್ಬರು ಕೇಳುವ ಹಕ್ಕೂ ಇರುತ್ತದೆ.

ಹಾಗೆಂದು ಬರಿಯ ಲೆಕ್ಕದಿಂದಲೇ ಕೂಟ ನಿಲ್ಲದು. ಮೊದಲು ಒಬ್ಬರು ನಂಬಿ ಕೆಲಸ ಒಪ್ಪಿಸಬೇಕು. ಕುದ್ರೋಳಿಯ ಅದೇ ಕ್ಷೇತ್ರದಲ್ಲಿ 2013ರಲ್ಲಿ ಶ್ರೀ ಬಿ. ಜನಾರ್ದನ ಪೂಜಾರಿಯವರ ಮುಂದಾಳುತನದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕಿಯರನ್ನಾಗಿ ನೇಮಿಸಿದರು. ಮಂಗಳ ಕಾರ್ಯಗಳಲ್ಲಿ ಹಿಂದೆ ನಿಲ್ಲಬೇಕೆಂದು ಸಮಾಜ ಹೇಳಿದ್ದ ಕೈಗಳಿಗೆ ಆರತಿಯ ತಟ್ಟೆ ಬಂತು. ಸುಮ್ಮನೆ ಕೈಗಿಟ್ಟು ಬಿಡಲಿಲ್ಲ. ಪೂಜಾವಿಧಿಯನ್ನು ಕಲಿಸಿಯೇ ಗರ್ಭಗುಡಿಗೆ ಕಳುಹಿಸಿದರು. ಕಲಿಸದೆ ಕೆಲಸ ಕೊಟ್ಟು ಆಮೇಲೆ ಬೈಯುವವನು ಯಜಮಾನನಲ್ಲ. ಹೊಣೆ ಕೇಳುವವನು ಮೊದಲು ಕಲಿಸಿರಬೇಕು, ನಂಬಿರಬೇಕು.

ಇಂದು ನಿಮ್ಮ ಮಕ್ಕಳು ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳಲ್ಲಿ, ಮಂಗಳೂರಿನ ಬ್ಯಾಂಕು, ಬಂದರುಗಳಲ್ಲಿ ತಂಡವಾಗಿ ದುಡಿಯುತ್ತಿದ್ದಾರೆ. ನೀವು ಹಾಲಿನ ಡೇರಿಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ ಕೂಡುತ್ತೀರಿ. ಎಲ್ಲಿಯಾದರೂ ಧರ್ಮ ಒಂದೇ. ಕೆಲಸವನ್ನು ‘ಎಲ್ಲರೂ ಮಾಡೋಣ’ ಎಂದು ಗಾಳಿಗೆ ಬಿಡದೆ ಒಬ್ಬೊಬ್ಬರ ಹೆಸರಿಗೆ ಹಚ್ಚಿರಿ. ಜಮಾಖರ್ಚನ್ನು ಯಾರೂ ಕೇಳುವ ಮೊದಲೇ ಸಭೆಯಲ್ಲಿ ಗಟ್ಟಿಯಾಗಿ ಓದಿರಿ. ತಾನಾಗಿ ಲೆಕ್ಕ ಒಪ್ಪಿಸುವವನಿಗೆ ಯಾರ ಶಂಕೆಯೂ ಅಂಟದು. ‘ನನ್ನ ಕಡೆ ಹಗ್ಗ ಸಡಿಲವಾಯಿತು’ ಎಂದು ಬಂದು ಹೇಳಿದವನನ್ನು ಹೀಯಾಳಿಸಬೇಡಿರಿ. ಅವನ ಬಾಯಿ ಮುಚ್ಚಿಸಿದರೆ ನಾಳೆ ಬಲೆ ಹರಿದದ್ದೂ ನಿಮಗೆ ತಿಳಿಯದು. ಗೆಲುವಿನ ಹೊಗಳಿಕೆ ಬಂದಾಗ ಬೀದಿ ಗುಡಿಸಿದವನ ಹೆಸರನ್ನೂ ಹೇಳಿರಿ.

ವಿಶ್ವಾಸಕ್ಕೆ ಲೆಕ್ಕವು ವೈರಿಯಲ್ಲ, ಕಾವಲು. ಹಿರಿಯರಾದ ನೀವೇ ಮೊದಲು ನಿಮ್ಮ ಪುಸ್ತಕವನ್ನು ಹತ್ತು ಜನರ ಮುಂದೆ ತೆರೆದಿಟ್ಟರೆ, ಆ ಹತ್ತು ಜನ ಹಾವನ್ನು ನೋಡುತ್ತ ನಿಲ್ಲುವವರಾಗದೆ ಹೊರೆಗೆ ಹೆಗಲು ಕೊಡುವವರಾಗುತ್ತಾರೆ. ಅಂಥ ಬುದ್ಧಿ ಸಕಲರಲ್ಲೂ ಮೂಡಲಿ ಎಂದು ನಾವು ಹಾರೈಸುತ್ತೇವೆ.