ಜಗಲಿಗೆ ಬಂದ ಶಾಲೆ

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಕರ್ನಾಟಕದ ಶಾಲೆಗಳಿಗೆ ಬೀಗ ಬಿತ್ತು. ಪಾಠ ಮೊಬೈಲಿಗೆ ಹೋಯಿತು. ಮೊಬೈಲಿಲ್ಲದ ಮನೆಯ ಮಕ್ಕಳು ಹೊರಗುಳಿದರು. ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠ ಬಂತು. ಆದರೆ ಮಗುವಿನ ಅಳುಕು ಟಿವಿಗೆ ಕೇಳಿಸುವುದಿಲ್ಲ.

ಆಗಸ್ಟ್‌ನಲ್ಲಿ ಶುರುವಾದ ರಾಜ್ಯ ಸರ್ಕಾರದ ‘ವಿದ್ಯಾಗಮ’ ಯೋಜನೆ ಮೇಷ್ಟ್ರನ್ನೇ ಊರೊಳಗೆ ಕಳಿಸಿತು. ಗುಡಿಯ ಜಗಲಿ, ಅರಳಿಕಟ್ಟೆ, ಮರದ ನೆರಳು ತರಗತಿಗಳಾದವು. ಮಾಸ್ಕ್ ಕಟ್ಟಿ, ಅಂತರ ಬಿಟ್ಟು ಕೂತ ಮಕ್ಕಳಿಗೆ ಲೆಕ್ಕಕ್ಕೂ ಮೊದಲು ಬೇಕಿದ್ದುದು, “ಊಟ ಆಯ್ತೇನೋ? ಮನೇಲಿ ಎಲ್ರೂ ಹುಷಾರಾ?” ಎಂಬ ಅಕ್ಕರೆಯ ವಿಚಾರಣೆ.

ಮಕ್ಕಳು ದುಗುಡ ಹೇಳಿಕೊಳ್ಳಲು ಕೇಂದ್ರ ಸರ್ಕಾರದ ‘ಮನೋದರ್ಪಣ’ ಉಚಿತ ಸಹಾಯವಾಣಿಯೂ ಆ ವರ್ಷದ ಜುಲೈನಲ್ಲೇ ಬಂದಿತ್ತು.

ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ನಿಂತ ವಿದ್ಯಾಗಮ, 2021ರ ಜನವರಿ 1ರಂದು ಶಾಲೆಯ ಅಂಗಳದಲ್ಲೇ ಮತ್ತೆ ಆರಂಭವಾಯಿತು.