ಕಂಡದ್ದು ಮತ್ತು ಕೇಳಿದ್ದು: ಡಿ.ವಿ.ಜಿ. ಅವರ ಚರಿತ್ರಲೇಖನ

ಡಿ.ವಿ. ಗುಂಡಪ್ಪನವರನ್ನು (1887–1975) ಕನ್ನಡ ಓದುಗರು ‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ಬಲ್ಲರು. ಪತ್ರಿಕೆ ನಡೆಸಿದ, ರಾಜಕಾರಣದಲ್ಲಿ ಪಾಲ್ಗೊಂಡ ಅವರ ಬದುಕು ಎಂತಹ ಚರಿತ್ರಲೇಖನಕ್ಕೆ ಕಾರಣವಾಯಿತೆಂಬ ವಿಚಾರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ಯನ್ನು ಸಂಶೋಧಕರು ಧಾರಾಳವಾಗಿ ಉಲ್ಲೇಖಿಸುತ್ತಾರೆ, ಅದು ಯಾವ ಬಗೆಯ ಆಕರವೆಂದು ಕೇಳಿಕೊಳ್ಳುವುದು ವಿರಳ.

ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಜೀವನೋಪಾಯಕ್ಕಾಗಿ ಬೆಂಗಳೂರಿಗೆ ಬಂದು ಪತ್ರಿಕಾವೃತ್ತಿ ಹಿಡಿದರು. ಪತ್ರಿಕೆ ಹೊರಡಿಸಲು ಸರ್ಕಾರದ ಪೂರ್ವಾನುಮತಿ ಕಡ್ಡಾಯವೆಂದು 1908ರಲ್ಲಿ ಮೈಸೂರು ಸಂಸ್ಥಾನ ಕಾಯಿದೆ ಮಾಡಿದಾಗ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆ ಕಾಯಿದೆಯ ನೆರಳಿನಲ್ಲಿಯೇ ಡಿ.ವಿ.ಜಿ. 1913ರಲ್ಲಿ ವಾರಕ್ಕೆರಡು ಬಾರಿಯ ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. 1920ರ ದಶಕದ ಉತ್ತರಾರ್ಧದಿಂದ 1940ರವರೆಗೆ ಸಂಸ್ಥಾನದ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು.

ಅವರ ಬರವಣಿಗೆಯಲ್ಲಿ ಎರಡು ಬಗೆಯ ಸಾಕ್ಷ್ಯಗಳು ಬೆರೆತಿವೆ. ‘ಮೈಸೂರಿನ ದಿವಾನರು’ ಸಂಪುಟವನ್ನೇ ನೋಡಬಹುದು. ಶೇಷಾದ್ರಿ ಅಯ್ಯರ್ 1901ರಲ್ಲಿ ದಿವಾನಗಿರಿ ಬಿಟ್ಟಾಗ ಡಿ.ವಿ.ಜಿ. ಹದಿಹರೆಯದ ಹುಡುಗ. ಅವರು ಪ್ರತ್ಯೇಕ ಜೀವನಚರಿತ್ರೆ ಬರೆದ ರಂಗಾಚಾರ್ಲು ತೀರಿಕೊಂಡದ್ದು 1883ರಲ್ಲಿ, ಅಂದರೆ ಲೇಖಕರ ಜನನಕ್ಕೆ ನಾಲ್ಕು ವರ್ಷ ಮುನ್ನ. ಇವರ ವಿಷಯದಲ್ಲಿ ಆಧಾರ ಕಾಗದಪತ್ರ, ಇಲ್ಲವೇ ಹಿರಿಯರ ಮಾತು. ವಿಶ್ವೇಶ್ವರಯ್ಯನವರದು ಹಾಗಲ್ಲ, ಪತ್ರಕರ್ತರಾಗಿ ಹತ್ತಿರದಿಂದ ಕಂಡದ್ದು. ಮಿರ್ಜಾ ಇಸ್ಮಾಯಿಲರ ಕಾಲಕ್ಕಂತೂ (1926–41) ಅವರು ನೋಡುಗರಷ್ಟೇ ಅಲ್ಲ, ಸಭೆಯೊಳಗಿನ ಪಾತ್ರಧಾರಿ. ಈ ಮೂರನ್ನೂ ಒಂದೇ ತೂಕದ ‘ಪ್ರತ್ಯಕ್ಷ ಸಾಕ್ಷ್ಯ’ವೆಂದು ಎತ್ತಿಕೊಳ್ಳುವುದು ಉಚಿತವಲ್ಲ. ಹಾಗೆಂದು ಕೇಳಿದ್ದನ್ನು ಕಳಪೆಯೆಂದು ತಳ್ಳುವುದೂ ಸಲ್ಲದು: ಒಂದು ತಲೆಮಾರು ತನ್ನ ಆಳರಸರನ್ನು ಹೇಗೆ ನೆನೆಯಿತೆಂಬುದಕ್ಕೆ ಅದೇ ಮುಖ್ಯ ಆಕರ. ಗ್ರಂಥಕರ್ತರು ‘ಚರಿತ್ರೆ’ ಎನ್ನದೆ ‘ಜ್ಞಾಪಕ’ ಎಂದದ್ದು ಗಮನಾರ್ಹ. ಆ ಜ್ಞಾಪಕಕ್ಕೆ ಮಿತಿಯೂ ಉಂಟು. ಅದು ಬಹುಮಟ್ಟಿಗೆ ವಿದ್ವಾಂಸ, ಅಧಿಕಾರಿ, ವೈದಿಕ, ಸಂಗೀತಗಾರರ ಬಳಗದ್ದು.

ಇನ್ನು, ಜ್ಞಾಪಕ ಬರೆದವರೇ ಜನರ ಜ್ಞಾಪಕದ ವಸ್ತುವಾಗಿದ್ದಾರೆ. ಸರ್ಕಾರ ಕೊಟ್ಟ ಚೆಕ್ಕುಗಳನ್ನು ಅವರು ನಗದು ಮಾಡದೆ ಪೆಟ್ಟಿಗೆಯಲ್ಲಿ ಇರಿಸಿದ್ದರೆಂಬ ಕಥೆ ಬಸವನಗುಡಿ, ಜಯನಗರದ ಕಡೆ ಪ್ರಚಲಿತ. ಹೇಳುವವರನ್ನು ಅನುಸರಿಸಿ ಅದರಲ್ಲಿ ದಿವಾನರ ಹೆಸರು ಬದಲಾಗುತ್ತದೆ. ಐತಿಹ್ಯದ ಲಕ್ಷಣವೇ ಅದು. ಇದಕ್ಕೆ ನೆರೆಯಲ್ಲಿಡಬಹುದಾದ ದಾಖಲಾದ ಸಂಗತಿಯೂ ಇದೆ: 1970ರಲ್ಲಿ ನಾಗರಿಕರು ಅರ್ಪಿಸಿದ ಒಂದು ಲಕ್ಷ ರೂಪಾಯಿ ನಿಧಿಯನ್ನು ಅವರು ನರಸಿಂಹರಾಜ ಕಾಲೋನಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಆ ಸಂಸ್ಥೆಯನ್ನು 1945ರಲ್ಲಿ ಕಟ್ಟಿದವರೂ ಅವರೇ.

‘ಕರ್ನಾಟಕ’ ಪತ್ರಿಕೆಯ ಹಳೆಯ ಸಂಚಿಕೆಗಳನ್ನೂ ನ್ಯಾಯವಿಧಾಯಕ ಸಭೆಯ ಮುದ್ರಿತ ನಡಾವಳಿಗಳನ್ನೂ ‘ಜ್ಞಾಪಕ ಚಿತ್ರಶಾಲೆ’ಯ ಪುಟಗಳೊಡನೆ ಎದುರುಬದುರಾಗಿಟ್ಟು ಓದಿದರೆ, ಆಯಾ ಹೊತ್ತಿನಲ್ಲಿ ಬರೆದದ್ದಕ್ಕೂ ದಶಕಗಳ ಮೇಲೆ ನೆನೆದದ್ದಕ್ಕೂ ಇರುವ ಅಂತರವನ್ನು ಪ್ರಸಂಗ ಪ್ರಸಂಗವಾಗಿ ಅಳೆಯಲು ಸಾಧ್ಯ.