ಬೋರ್ಡಿನ ಅಕ್ಷರ, ಡಾಕ್ಟರ ಕೈಗುಣ



ಮಳೆಗಾಲದ ಒಂದು ದಿನ ನಮ್ಮ ಸಂಘವೊಂದರ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿ, ಪುಸ್ತಕ ಬರೆದು ಮುಗಿದ ಮೇಲೆ ಸದಸ್ಯೆಯೊಬ್ಬರು ಎದ್ದು ಎಂಟು ಸಾವಿರ ರೂಪಾಯಿ ಸಾಲ ಕೇಳಿದರು. ಮಗಳಿಗೆ ಐದು ದಿನದಿಂದ ಜ್ವರ. ದಿನಾ ಇಂಜೆಕ್ಷನ್ ಹಾಕಿಸಿ, ಎರಡು ಬಾಟ್ಲಿ ಗ್ಲೂಕೋಸ್ ಏರಿಸಿ, ಕೈಯಲ್ಲಿದ್ದ ದುಡ್ಡೆಲ್ಲ ಮುಗಿದಿತ್ತು. "ಆ ಡಾಕ್ಟ್ರು ಏನು ಓದಿದ್ದಾರೆ?" ಎಂದು ನಾವು ಕೇಳಿದೆವು. "ಓದಿದ್ದು ಗೊತ್ತಿಲ್ಲ ಸಿಸ್ಟರ್. ಆದ್ರೆ ಅವರ ಕೈಗುಣ ಬಹಳ ಚೆನ್ನಾಗಿದೆ" ಎಂದರು.

ಅಂದೇ ಸಂಜೆ ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿಯಿತು. ಡೆಂಗಿ ಇರಬಹುದೆಂಬ ಅನುಮಾನವಿದ್ದಾಗ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಕೊಡಬೇಕು. ಡೈಕ್ಲೋಫೆನಾಕ್‌ನಂಥ ನೋವಿನ ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆ ಮಗುವಿಗೆ ದಿನವೂ ಅದನ್ನೇ ಚುಚ್ಚಿದ್ದರು. ಮಗು ಉಳಿಯಿತು. ಸಾಲವೂ ಉಳಿಯಿತು.

ಮುಂದಿನ ವಾರ ಇದೇ ಮಾತು ಬಂದಾಗ ಇನ್ನೊಬ್ಬ ಸದಸ್ಯೆ ಹೇಳಿದರು: "ಅದಕ್ಕೇ ನಾನು ಸಣ್ಣ ಡಾಕ್ಟ್ರ ಹತ್ರ ಹೋಗೋದೇ ಇಲ್ಲ. ಬೋರ್ಡಲ್ಲಿ ಎರಡು ಸಾಲು ಅಕ್ಷರ ಇದ್ರೇನೇ ಹೋಗೋದು." ಮಗುವಿನ ಸಾಮಾನ್ಯ ಭೇದಿಗೆಂದು ಅವರು ಪಟ್ಟಣದ ದೊಡ್ಡ ಡಾಕ್ಟರರ ಬಳಿ ಹೋಗಿ, ಬಸ್ ಖರ್ಚೂ ಸೇರಿ ಒಂದು ವಾರದ ಕೂಲಿಯನ್ನು ಕಳೆದುಕೊಂಡಿದ್ದರು. ಅಲ್ಲಿ ಬರೆದುಕೊಟ್ಟದ್ದು ಓ.ಆರ್.ಎಸ್. ಪೊಟ್ಟಣ ಮತ್ತು ಜಿಂಕ್ ಮಾತ್ರೆ. ಎರಡೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ.

ಒಬ್ಬರು ಅಕ್ಷರವನ್ನು ನೋಡಲೇ ಇಲ್ಲ, ಇನ್ನೊಬ್ಬರು ಅಕ್ಷರವನ್ನು ಮಾತ್ರ ನೋಡಿದರು. ಹಾಗಾದರೆ ಡಾಕ್ಟರ ಹೆಸರಿನ ಮುಂದಿನ ಅಕ್ಷರಕ್ಕೆ ಎಷ್ಟು ಬೆಲೆ ಕೊಡಬೇಕು? ಈ ಸಲ ಅದನ್ನೇ ತಿಳಿಯೋಣ.

ಮೊದಲನೇ ಮೆಟ್ಟಿಲು

ಡಾಕ್ಟರು ಯಾವ ವಿದ್ಯೆ ಕಲಿತಿದ್ದಾರೆ ಎಂಬುದನ್ನು ಮೊದಲನೇ ಪದವಿ ಹೇಳುತ್ತದೆ.

1. ಎಂ.ಬಿ.ಬಿ.ಎಸ್. – ಅಲೋಪಥಿ, ಅಂದರೆ ನಾವು 'ಇಂಗ್ಲಿಷ್ ಮದ್ದು' ಎನ್ನುವ ಪದ್ಧತಿ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ.

2. ಬಿ.ಎ.ಎಂ.ಎಸ್. – ಆಯುರ್ವೇದ. ಬಿ.ಎಚ್.ಎಂ.ಎಸ್. – ಹೋಮಿಯೋಪಥಿ. ಬಿ.ಯು.ಎಂ.ಎಸ್. – ಯುನಾನಿ. ಬಿ.ಎನ್.ವೈ.ಎಸ್. – ಪ್ರಕೃತಿ ಚಿಕಿತ್ಸೆ ಮತ್ತು ಯೋಗ. ಇವೂ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ತರಬೇತಿ ಇರುವ ಪದವಿಗಳೇ.

3. ಬಿ.ಡಿ.ಎಸ್. – ಹಲ್ಲು ಮತ್ತು ಬಾಯಿ. ನಾಲ್ಕು ವರ್ಷ ಓದು, ಒಂದು ವರ್ಷ ತರಬೇತಿ.

ಇವರೆಲ್ಲರೂ ಓದಿದವರೇ, ಡಾಕ್ಟರುಗಳೇ. ನಾವು ಕೇಳಬೇಕಾದ್ದು, ಅವರು ಕೊಡುತ್ತಿರುವ ಔಷಧಿ ಅವರು ಓದಿದ ವಿದ್ಯೆಯದೇ ಎಂದು. ಮುಂಬಯಿಯಲ್ಲಿ 1992ರಲ್ಲಿ ಹೋಮಿಯೋಪಥಿ ಓದಿದ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧಿ ಕೊಟ್ಟರು. ರೋಗಿ ತೀರಿಕೊಂಡರು. ಅವರ ಹೆಂಡತಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಹೋರಾಡಿದರು. ತಾನು ಓದದ ಪದ್ಧತಿಯ ಔಷಧಿ ಕೊಟ್ಟದ್ದೇ ನಿರ್ಲಕ್ಷ್ಯ ಎಂದು 1996ರಲ್ಲಿ ಕೋರ್ಟು ತೀರ್ಪು ಕೊಟ್ಟು, 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ವೈದ್ಯರಿಗೆ ಪದವಿ ಇತ್ತು. ಆದರೆ ಕೊಟ್ಟ ಔಷಧಿಯ ಪದವಿ ಇರಲಿಲ್ಲ. ಆದ್ದರಿಂದ ಬೋರ್ಡಿನಲ್ಲಿ ಒಂದು ಪದ್ಧತಿ, ಸಿರಿಂಜಿನಲ್ಲಿ ಇನ್ನೊಂದು ಪದ್ಧತಿ ಕಂಡರೆ ವಿಚಾರಿಸಲು ಹಿಂಜರಿಯಬೇಡಿ.

ಎರಡನೇ ಮೆಟ್ಟಿಲು

ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಒಂದೇ ವಿಷಯ ಓದಿದರೆ ಎಂ.ಡಿ. ಅಥವಾ ಎಂ.ಎಸ್. ಎಂ.ಎಸ್. ಎಂದರೆ ಆಪರೇಷನ್ ಮಾಡುವ ವಿಷಯಗಳು. ಡಿ.ಎನ್.ಬಿ. ಎಂದಿದ್ದರೆ ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಟ್ಟ ಪದವಿ. ಅದೂ ಎಂ.ಡಿ., ಎಂ.ಎಸ್.ಗೆ ಸಮವೇ, ಕಡಿಮೆ ಎಂದು ತಿಳಿಯಬೇಡಿ. ಡಿ.ಜಿ.ಒ. (ಹೆರಿಗೆ ಮತ್ತು ಸ್ತ್ರೀರೋಗ), ಡಿ.ಸಿ.ಎಚ್. (ಮಕ್ಕಳು) ಇವು ಎರಡು ವರ್ಷದ ಡಿಪ್ಲೊಮಾ. ಹೃದಯ, ಮೂತ್ರಪಿಂಡ, ನರ ಹೀಗೆ ಒಂದೊಂದೇ ಅಂಗಕ್ಕೆ ಇನ್ನೂ ಮುಂದೆ ಓದಿದವರಿಗೆ ಡಿ.ಎಂ. ಅಥವಾ ಎಂ.ಸಿ.ಎಚ್. ಎಂದಿರುತ್ತದೆ.

ಇಷ್ಟು ಓದಿದವರು ಬೇಕು, ಆದರೆ ಎಲ್ಲದಕ್ಕೂ ಬೇಡ. ಜ್ವರ, ಕೆಮ್ಮು, ಭೇದಿ, ಗಾಯ, ಸಕ್ಕರೆ ಕಾಯಿಲೆ ಮತ್ತು ಬಿ.ಪಿ.ಗೆ ಮೊದಲು ತೋರಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ಎಂ.ಬಿ.ಬಿ.ಎಸ್. ಡಾಕ್ಟರು ಸಾಕು. ತೊಡಕಿನ ಹೆರಿಗೆ, ಗರ್ಭಕೋಶದ ಆಪರೇಷನ್, ಎದೆನೋವು, ವಾರವಾದರೂ ಇಳಿಯದ ಜ್ವರ ಇವಕ್ಕೆ ತಜ್ಞರು ಬೇಕು. ಯಾರ ಬಳಿ ಹೋಗಬೇಕೆಂದು ಆ ಮೊದಲ ಡಾಕ್ಟರನ್ನೇ ಕೇಳಿ. ಇದರಲ್ಲಿ ಇನ್ನೊಂದು ಲಾಭವಿದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ತುರ್ತು ಸಂದರ್ಭ ಬಿಟ್ಟು, ಅದರಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನೇರವಾಗಿ ಪಟ್ಟಣಕ್ಕೆ ಓಡಿದವರ ಕೈಯಲ್ಲಿ ಆ ಪತ್ರ ಇರುವುದಿಲ್ಲ.

ಎಂ.ಡಿ. ಎಂಬ ಎರಡಕ್ಷರ

ಬಹಳ ಜನ ಮೋಸಹೋಗುವುದು ಇಲ್ಲಿಯೇ. ಎಂ.ಡಿ. ಎಂದ ಕೂಡಲೇ ದೊಡ್ಡ ಡಾಕ್ಟರು ಎಂದು ನಾವು ತಿಳಿಯುತ್ತೇವೆ. ಆಯುರ್ವೇದದಲ್ಲೂ ಹೋಮಿಯೋಪಥಿಯಲ್ಲೂ ಎಂ.ಡಿ. ಇದೆ. ಅವರು ತಮ್ಮ ಪದ್ಧತಿಯಲ್ಲಿ ಹೆಚ್ಚು ಓದಿದವರು, ಅಲೋಪಥಿಯಲ್ಲಿ ಅಲ್ಲ. ರಷ್ಯಾದಂಥ ದೇಶಗಳಲ್ಲಿ ಮೊದಲನೇ ಪದವಿಗೇ ಎಂ.ಡಿ. ಎನ್ನುತ್ತಾರೆ. ಅದು ನಮ್ಮ ಎಂ.ಬಿ.ಬಿ.ಎಸ್.ಗೆ ಸಮ. ಅಂಥ ದೇಶಗಳಲ್ಲಿ ಓದಿ ಬಂದವರು ಇಲ್ಲಿ ನೋಂದಣಿಗೆ ಒಂದು ಅರ್ಹತಾ ಪರೀಕ್ಷೆ ಪಾಸು ಮಾಡಬೇಕೆಂಬ ನಿಯಮ 2002ರಿಂದ ಇದೆ. ಪಾಸಾದವರು ಸರಿಯಾದ ಡಾಕ್ಟರೇ, ಆದರೆ ಆ ಎಂ.ಡಿ.ಯಿಂದ ತಜ್ಞರಾಗುವುದಿಲ್ಲ. ಇನ್ನು 'ಎಂ.ಡಿ. (ಎ.ಎಂ.)', ಅಂದರೆ ಪರ್ಯಾಯ ವೈದ್ಯ ಎಂಬ ಸರ್ಟಿಫಿಕೇಟು ಇಟ್ಟುಕೊಂಡವರಿದ್ದಾರೆ. ಅದನ್ನು ನಂಬಿ ಅಲೋಪಥಿ ಔಷಧಿ ತೆಗೆದುಕೊಳ್ಳಬೇಡಿ. ಆದ್ದರಿಂದ ಎಂ.ಡಿ. ಎಂದು ಕಂಡರೆ "ಯಾವುದರಲ್ಲಿ ಎಂ.ಡಿ.?" ಎಂದು ಕೇಳಿ. ಸರಿಯಾದ ಡಾಕ್ಟರಿಗೆ ಈ ಪ್ರಶ್ನೆಯಿಂದ ಬೇಸರವಾಗದು.

ಹಲ್ಲಿನ ಡಾಕ್ಟರು

ಹಲ್ಲು ಕೀಳುವುದು, ಹುಳುಕು ತುಂಬುವುದು, ಕ್ಲೀನ್ ಮಾಡುವುದು, ಹಲ್ಲು ಸೆಟ್ ಕಟ್ಟುವುದು, ಸಾಮಾನ್ಯ ರೂಟ್ ಕೆನಾಲ್ ಇವನ್ನೆಲ್ಲ ಬಿ.ಡಿ.ಎಸ್. ಡಾಕ್ಟರು ಮಾಡುತ್ತಾರೆ. ಮೂರು ವರ್ಷ ಹೆಚ್ಚು ಓದಿದವರು ಎಂ.ಡಿ.ಎಸ್. ಮಕ್ಕಳ ಸೊಟ್ಟ ಹಲ್ಲಿಗೆ ತಂತಿ ಹಾಕಿಸಲು, ದವಡೆ ಮುರಿದಾಗ, ಮೂಳೆಯೊಳಗೆ ಸಿಕ್ಕಿಕೊಂಡ ಬುದ್ಧಿಹಲ್ಲು ತೆಗೆಸಲು ಅವರು ಬೇಕಾಗುತ್ತದೆ. ಆಗಲೂ ಯಾವ ವಿಷಯದಲ್ಲಿ ಎಂ.ಡಿ.ಎಸ್. ಎಂದು ಕೇಳಬೇಕು. ಒಸಡಿನ ವಿಷಯ ಓದಿದವರೇ ಬೇರೆ, ತಂತಿ ಹಾಕುವುದನ್ನು ಓದಿದವರೇ ಬೇರೆ.

ಎಲೆ, ಅಡಿಕೆ, ಹೊಗೆಸೊಪ್ಪು ಅಗಿಯುವ ಸಹೋದರಿಯರಿಗೆ ಒಂದು ಮಾತು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ತಡ ಮಾಡದೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಬಾಯಿ ಕ್ಯಾನ್ಸರಿನ ಮೊದಲ ಗುರುತು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಇದಕ್ಕೆ ಬಿ.ಡಿ.ಎಸ್. ಡಾಕ್ಟರೇ ಸಾಕು. ಆದರೆ ಸಂತೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಅಗ್ಗಕ್ಕೆ ಹಲ್ಲು ಕಟ್ಟುವವರ ಬಳಿ ಬೇಡ. ಬೇಯಿಸದ ಸಲಕರಣೆಯಿಂದ ಕಾಮಾಲೆ ರೋಗದ ಹೆಪಟೈಟಿಸ್ ಬಿ ಹರಡಬಹುದು.

ಅಕ್ಷರವೇ ಇಲ್ಲದವರು

ಕೆಲವರು ಆರ್.ಎಂ.ಪಿ. ಎಂದು ಬರೆದುಕೊಳ್ಳುತ್ತಾರೆ. ಅದು ಪದವಿಯಲ್ಲ, ನೋಂದಾಯಿತ ವೈದ್ಯ ಎಂದಷ್ಟೇ ಅರ್ಥ. ನೋಂದಣಿ ಆಗಿದ್ದರೆ ನಂಬರು ಇರಲೇಬೇಕು. ಔಷಧಿ ಅಂಗಡಿಯವರು, ಕಾಂಪೌಂಡರು ಇವರೂ ಡಾಕ್ಟರಲ್ಲ. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ 2018ರಲ್ಲಿ ಹಲವರಿಗೆ ಎಚ್.ಐ.ವಿ. ಇರುವುದು ಒಮ್ಮೆಗೇ ಪತ್ತೆಯಾಯಿತು. ಕಡಿಮೆ ದುಡ್ಡಿಗೆ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುತ್ತಿದ್ದ ವ್ಯಕ್ತಿಯೊಬ್ಬ ಒಂದೇ ಸಿರಿಂಜನ್ನು ಎಲ್ಲರಿಗೂ ಬಳಸಿದ್ದು ಕಾರಣವೆಂದು ಅಲ್ಲಿನ ಆರೋಗ್ಯ ಅಧಿಕಾರಿಗಳು ಹೇಳಿದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಬಿಳಿ ಕೋಟಿಗೂ ಸಲ್ಲುತ್ತದೆ.

ನೋಡಿ ತಿಳಿಯುವುದು ಹೇಗೆ?

* ಅಲೋಪಥಿ ಡಾಕ್ಟರು ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಹಾಕಿರಬೇಕು, ಔಷಧಿ ಚೀಟಿಯಲ್ಲೂ ಬರೆಯಬೇಕು. ಅವರ ನೋಂದಣಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ. ಹಲ್ಲಿನವರಿಗೆ, ಆಯುರ್ವೇದ-ಯುನಾನಿಯವರಿಗೆ, ಹೋಮಿಯೋಪಥಿಯವರಿಗೆ ಬೇರೆ ಬೇರೆ ಮಂಡಳಿಗಳಿವೆ.

* ಖಾಸಗಿ ಕ್ಲಿನಿಕ್ಕಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ನೋಂದಣಿ ಕಡ್ಡಾಯ. ಇದಕ್ಕೆ ಕೆ.ಪಿ.ಎಂ.ಇ. ನಂಬರು ಎನ್ನುತ್ತಾರೆ. ಅಲೋಪಥಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಇರಬೇಕೆಂದು 2024ರಲ್ಲಿ ಆರೋಗ್ಯ ಇಲಾಖೆ ಹೇಳಿತು. ಓದು ಬಾರದ ಸದಸ್ಯೆಯರಿಗೂ ಬಣ್ಣದ ಗುರುತು ತಿಳಿಸಿಕೊಡಿ.

* ಚೀಟಿ ಕೊಡದೆ, ಬಿಲ್ ಕೊಡದೆ, ಬರೀ ಇಂಜೆಕ್ಷನ್ ಕೊಟ್ಟು ಕಳಿಸುವವರ ಬಗ್ಗೆ ಎಚ್ಚರ.

* ಅನುಮಾನ ಬಂದರೆ ತಾಲ್ಲೂಕು ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗೆ ಸಂಘದ ಹೆಸರಿನಲ್ಲಿ ಅರ್ಜಿ ಕೊಡಬಹುದು. ಒಬ್ಬರೇ ಹೋಗುವುದಕ್ಕಿಂತ ಹದಿನೈದು ಜನ ಸಹಿ ಹಾಕಿದರೆ ಬಲ ಹೆಚ್ಚು.

ಅಕ್ಷರ ಹೇಳದ ಮಾತು

ಇಷ್ಟೆಲ್ಲ ನೋಡಿದರೂ ಅಕ್ಷರ ಹೇಳದ ವಿಷಯಗಳಿವೆ. ಡಾಕ್ಟರು ನಮ್ಮ ಮಾತನ್ನು ಕೂತು ಕೇಳುತ್ತಾರೋ? ಮೈ ಮುಟ್ಟಿ ಪರೀಕ್ಷೆ ಮಾಡುತ್ತಾರೋ? ಯಾವ ಮಾತ್ರೆ ಯಾತಕ್ಕೆ ಎಂದು ನಮ್ಮ ಭಾಷೆಯಲ್ಲಿ ಹೇಳುತ್ತಾರೋ? ಬೇಡದ ಬಾಟ್ಲಿ, ಬೇಡದ ಸ್ಕ್ಯಾನಿಂಗ್ ಬೇಡ ಎನ್ನುತ್ತಾರೋ? "ಇದು ನನ್ನಿಂದ ಆಗದು, ದೊಡ್ಡ ಆಸ್ಪತ್ರೆಗೆ ಹೋಗಿ" ಎಂದು ಸಮಯಕ್ಕೆ ಹೇಳುತ್ತಾರೋ? ಇದನ್ನೇ ನಾವು ಕೈಗುಣ ಎಂದು ಕರೆಯಬೇಕು. ಸೂಜಿ ಚುಚ್ಚಿದ ಕೂಡಲೇ ಜ್ವರ ಇಳಿಯುವುದು ಕೈಗುಣವಲ್ಲ. ಜ್ವರ ಇಳಿದರೂ ರೋಗ ಒಳಗೇ ಇರಬಹುದು ಎಂಬುದನ್ನು ಆ ಮಗುವಿನ ಕಥೆಯೇ ತೋರಿಸಿತು.

ಆದ್ದರಿಂದ ಕ್ಲಿನಿಕ್ಕಿನ ಬಾಗಿಲಲ್ಲಿ ಅಕ್ಷರ ನೋಡಿ, ಒಳಗೆ ಹೋದ ಮೇಲೆ ಕೈಗುಣ ನೋಡಿ. ಅಕ್ಷರವಿಲ್ಲದ ಕೈಗುಣವನ್ನು ನಂಬಬೇಡಿ. ಬೇಕಿಲ್ಲದ ಅಕ್ಷರಕ್ಕೆ ಸಾಲ ಮಾಡಬೇಡಿ.

ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮೂರಿನವರು ಹೋಗುವ ಡಾಕ್ಟರುಗಳ ಹೆಸರು, ಪದವಿ, ನೋಂದಣಿ ಸಂಖ್ಯೆಯನ್ನು ಪಟ್ಟಿ ಮಾಡಿ. ಆಶಾ ಕಾರ್ಯಕರ್ತೆಯನ್ನೂ ಸಭೆಗೆ ಕರೆಯಿರಿ. ಓದಿದ ಹೆಣ್ಣುಮಕ್ಕಳು ಮೊಬೈಲಿನಲ್ಲಿ ವೈದ್ಯಕೀಯ ಪರಿಷತ್ತಿನ ಪಟ್ಟಿ ನೋಡಿ ಹೇಳಲಿ. ಆ ಹಾಳೆಯನ್ನು ಸಂಘದ ಪುಸ್ತಕದೊಳಗೆ ಇಡಿ, 108 ಆಂಬುಲೆನ್ಸ್ ನಂಬರನ್ನೂ ಅದರ ಮೇಲೆ ದೊಡ್ಡದಾಗಿ ಬರೆಯಿರಿ. ಔಷಧೋಪಚಾರಕ್ಕೆಂದು ಯಾರಾದರೂ ಸಾಲ ಕೇಳಿದರೆ ಸಾಲವನ್ನು ತಡೆಯಬೇಡಿ. ಆದರೆ ಹಣ ಎಣಿಸುವಾಗಲೇ "ಅಕ್ಕಾ, ಯಾವ ಡಾಕ್ಟ್ರ ಹತ್ರ ಹೋಗ್ತಿದ್ದೀರಿ?" ಎಂದು ಕೇಳಿ, ಆ ಹಾಳೆಯನ್ನು ಬಿಡಿಸಿ ತೋರಿಸಿ.